ಮೆಶ್ ಸಣ್ಣ ಮಾಡಿದಷ್ಟೂ ಪ್ಲೇಟ್ ಬೇಗ ಮುರಿಯುತ್ತಿದೆ, ಯಾಕೆ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ಕಲಬುರಗಿ): ನಮಸ್ಕಾರ ಸರ್. ನಡುವೆ ತೂತಿರುವ ಗ್ಲಾಸ್ ಫೈಬರ್-ಎಪಾಕ್ಸಿ ಪ್ಲೇಟನ್ನು ಎಳೆದರೆ ಎಷ್ಟು ಲೋಡಿಗೆ ಮುರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ, ಪ್ಲೇಟನ್ನು ಸಣ್ಣ ಸಣ್ಣ ಎಲಿಮೆಂಟುಗಳಾಗಿ (ತುಂಡುಗಳ ಈ ಬಲೆಯೇ ಮೆಶ್) ವಿಂಗಡಿಸಿ. ಹ್ಯಾಶಿನ್ ಮಿತಿ (ಡ್ಯಾಮೇಜ್ ಶುರುವಾಗುವ ಹಂತ) ದಾಟಿದ ಎಲಿಮೆಂಟಿನ ಸ್ಟಿಫ್‌ನೆಸ್ಸನ್ನು ಒಮ್ಮೆಲೇ ಸೊನ್ನೆಗೆ ಇಳಿಸುತ್ತೇನೆ. ಮೆಶ್ ಸಣ್ಣ ಮಾಡಿದಂತೆ ಲೋಡ್ ಇಳಿಯುತ್ತಲೇ ಇದೆ, ಎಲ್ಲೂ ನಿಲ್ಲುತ್ತಿಲ್ಲ. ಗೈಡ್ ಕನ್ವರ್ಜೆನ್ಸ್ (ಉತ್ತರ ಒಂದು ಅಂಕಿಗೆ ಬಂದು ನಿಲ್ಲುವುದು) ಕೇಳುತ್ತಿದ್ದಾರೆ.

ಉತ್ತರ: ಮೆಶ್‌ನ ತಪ್ಪಲ್ಲ ಇದು, ‘ಒಮ್ಮೆಲೇ ಸೊನ್ನೆ’ ಅನ್ನೋದರ ತಪ್ಪು. 1980ರ ಹ್ಯಾಶಿನ್ ಸೂತ್ರ ಡ್ಯಾಮೇಜ್ ಯಾವಾಗ ಶುರು ಅಂತ ಮಾತ್ರ ಹೇಳುತ್ತದೆ. ಫೈಬರ್‌ಗೆ ಬೇರೆ, ಮ್ಯಾಟ್ರಿಕ್ಸ್‌ಗೆ (ಫೈಬರನ್ನು ಹಿಡಿದಿಡುವ ಎಪಾಕ್ಸಿಗೆ) ಬೇರೆ, ಎಳೆತಕ್ಕೆ ಬೇರೆ, ಒತ್ತಡಕ್ಕೆ ಬೇರೆ. ಆಮೇಲೆ ಹೇಗೆ ಬೆಳೆಯುತ್ತದೆ ಅನ್ನೋದನ್ನು ನೀವೇ ಕೊಡಬೇಕು.

ಬಿರುಕಿನ ಪ್ರತಿ ಚದರ ಮಿ.ಮೀ.ಗೆ ಇಂತಿಷ್ಟು ಶಕ್ತಿ ಬೇಕು, ಅದು ವಸ್ತುವಿನ ಗುಣ. ನಿಮ್ಮ ಲೆಕ್ಕದಲ್ಲಿ ಎಲಿಮೆಂಟ್ ಸಣ್ಣದಾದರೆ ಆ ಶಕ್ತಿಯೂ ಕರಗುತ್ತದೆ. ತೂತಿನ ಅಂಚಿನಿಂದ ಬಿರುಕು ಪುಕ್ಕಟೆ ಓಡುತ್ತದೆ, ಅಷ್ಟೇ.

ದಾರಿ: ಡ್ಯಾಮೇಜ್ ಸಂಖ್ಯೆಯನ್ನು 0ಯಿಂದ 1ಕ್ಕೆ ನಿಧಾನ ಏರಿಸಿ. ಕೊನೆಯ ಸ್ಟ್ರೇನನ್ನು (ಪೂರ್ತಿ ಮುರಿಯುವಾಗಿನ ಹಿಗ್ಗುವಿಕೆಯನ್ನು) 2G/(X·L) ಎಂದು ಇಡಿ. G ಮುರಿಯುವ ಶಕ್ತಿ, X ಬಲ (ಸ್ಟ್ರೆಂತ್), L ಎಲಿಮೆಂಟಿನ ಅಳತೆ. ಬಜಾಂತ್ ಮತ್ತು ಓಹ್ ಎಂಬ ಸಂಶೋಧಕರು 1983ರಲ್ಲಿ ಕಾಂಕ್ರೀಟಿಗೆ ಮಾಡಿದ ಉಪಾಯ ಇದು. ಸಿಮೆಂಟಿನ ಜಿಲ್ಲೆಯವರು ನೀವು, ಖುಷಿ ಆಗಬೇಕು!

ಪ್ರಶ್ನೆ: ಹಾಗಾದರೆ ದೊಡ್ಡ ಎಲಿಮೆಂಟೇ ಇಟ್ಟರೆ ನಡೆಯುತ್ತಾ ಸರ್?

ಉತ್ತರ: ಮಿತಿ ಇದೆ. L ಯಾವಾಗಲೂ 2EG/X²ಗಿಂತ ಕಡಿಮೆ ಇರಬೇಕು. E ಅಂದರೆ ವಸ್ತುವಿನ ಬಿಗಿತ. ಸುಮ್ನೆ ಉದಾಹರಣೆಗೆ E 40,000 ಮೆಗಾಪಾಸ್ಕಲ್, X 1,000, G 50 ನ್ಯೂಟನ್/ಮಿ.ಮೀ. ಅಂದುಕೊಳ್ಳಿ: 4 ಮಿ.ಮೀ. ಬರುತ್ತದೆ. ಮ್ಯಾಟ್ರಿಕ್ಸ್‌ನ G ತುಂಬಾ ಕಡಿಮೆ, ಅದರ ಮಿತಿಯನ್ನು ಬೇರೆಯಾಗಿಯೇ ನೋಡಿ. ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ನಿಂತರೆ ಸ್ವಲ್ಪ ವಿಸ್ಕಸ್ ರೆಗ್ಯುಲರೈಸೇಶನ್ (ಡ್ಯಾಮೇಜ್ ಏರುವುದನ್ನು ಸ್ವಲ್ಪ ತಡಮಾಡುವ ಉಪಾಯ) ಹಾಕಬಹುದು. ಜಾಸ್ತಿ ಹಾಕಿದರೆ ಲೋಡ್ ಸುಳ್ಳೇ ಏರುತ್ತದೆ.

ಇನ್ನೊಬ್ಬರು (ಯಾದಗಿರಿ): ಸರ್, ನಮ್ಮ ಪ್ಲೇಟಿನಲ್ಲಿ ಪದರಗಳೇ ಬಿಟ್ಟುಕೊಳ್ಳುತ್ತವೆ. ಇದರಲ್ಲಿ ಅದು ಬರುತ್ತಾ?

ಉತ್ತರ: ಬರೋದಿಲ್ಲ. ಹ್ಯಾಶಿನ್ ಪದರದ ಒಳಗಿನ ಮಾತು. ಡಿಲ್ಯಾಮಿನೇಶನ್‌ಗೆ ಪದರಗಳ ನಡುವೆ ಕೊಹೆಸಿವ್ ಎಲಿಮೆಂಟ್ (ಅಂಟಿನಂತೆ ಹಿಡಿದು, ಮಿತಿ ದಾಟಿದರೆ ಬಿಡುವ ಎಲಿಮೆಂಟ್) ಬೇಕು. ಅದರ ಶಕ್ತಿಯ ಅಂಕಿಗಳು ಡಿಸಿಬಿ (ಪದರಗಳನ್ನು ಎಳೆದು ಬಿಡಿಸುವ), ಇಎನ್ಎಫ್ (ಬಗ್ಗಿಸಿ ಜಾರಿಸುವ) ಟೆಸ್ಟುಗಳಿಂದ ಸಿಗುತ್ತವೆ.

ಪ್ರಶ್ನೆ: ಕೊನೆಯದೊಂದು ಸರ್. ಬಲದ ಅಂಕಿಗಳನ್ನು ಹ್ಯಾಂಡ್‌ಬುಕ್ಕಿನಿಂದ ತಗೊಂಡೆ. ಟೆಸ್ಟ್ ಮೇ ತಿಂಗಳಲ್ಲಿ ಇಲ್ಲೇ ಮಾಡ್ತೀವಿ, ಲ್ಯಾಬಿಗೆ ಎಸಿ ಇಲ್ಲ.

ಉತ್ತರ: ಅಯ್ಯೋ, ಕಲಬುರಗಿ ಬಿಸಿಲಿನಲ್ಲಾ! ಆ ಅಂಕಿಗಳು ಸಾಮಾನ್ಯವಾಗಿ 23 ಡಿಗ್ರಿ ಆಸುಪಾಸಿನವು. ನಿಮ್ಮಲ್ಲಿ 40 ದಾಟುತ್ತದೆ. ಓವನ್ನಿಗೆ ಹಾಕದೆ ಗಟ್ಟಿಯಾಗಿಸಿದ ಎಪಾಕ್ಸಿ ಆ ಬಿಸಿಗೆ ಮೆತ್ತಗಾಗಬಹುದು. ಫೈಬರ್‌ಗೆ ಏನೂ ಆಗೋದಿಲ್ಲ, ಮ್ಯಾಟ್ರಿಕ್ಸ್ ಬಲ ಮತ್ತು ಶಿಯರ್ (ಜಾರುವಿಕೆ ತಡೆಯುವ) ಬಲ ಕುಸಿಯುತ್ತವೆ. ಪೋಸ್ಟ್ ಕ್ಯೂರ್ ಮಾಡಿ (ಓವನ್ನಿನಲ್ಲಿ ಬಿಸಿ ಕೊಟ್ಟು ಪೂರ್ತಿ ಗಟ್ಟಿಯಾಗಿಸಿ), ಬೆಳಿಗ್ಗೆ ಬೇಗ ಟೆಸ್ಟ್ ಮಾಡಿ, ಪ್ಲೇಟಿನ ತಾಪಮಾನವನ್ನು ಪ್ರತಿ ಸಲ ಬರೆದಿಡಿ. ±45 ಡಿಗ್ರಿ ಫೈಬರ್ ಪದರದ ಎಳೆತದ ಟೆಸ್ಟನ್ನೂ ಅದೇ ದಿನ ಮುಗಿಸಿ, ಶಿಯರ್ ಅಂಕಿ ಅಲ್ಲಿಂದ ತಗೊಳ್ಳಿ.