ಅಂಗಡಿ ಶುಂಠಿ ಮೊಳಕೆ ಬಂತು, ಮಳೆಯಲ್ಲಿ ಕೊಳೆಯಿತು. ಎಲ್ಲಿ ತಪ್ಪಾಯಿತು?

ಡೊಂಬಿವಲಿ ಬಾಲ್ಕನಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿ. ತವರು ಶಿರಸಿ ಕಡೆ. ನಮ್ಮ ಮನೆಯಲ್ಲಿ ಶುಂಠಿ ಇಲ್ಲದೆ ದಿನ ಕಳೆಯುವುದಿಲ್ಲ. ಬೆಳಿಗ್ಗೆ ಮಾವನವರಿಗೆ ಕಷಾಯ, ಮಧ್ಯಾಹ್ನ ತಂಬುಳಿ, ಸಂಜೆ ಚಹಾ. ಒಂದು ಕುಂಡವಾದರೂ ಮನೆಯದೇ ಇರಲಿ ಎಂಬ ಆಸೆ ಬಹಳ ದಿನದ್ದು.

ಎಪ್ರಿಲ್ ಕೊನೆಯಲ್ಲಿ ಸ್ಟೇಷನ್ ಹತ್ತಿರ ಕೊಂಡ ಅರ್ಧ ಕಿಲೋದಲ್ಲಿ ನಾಲ್ಕು ತುಂಡು ಎತ್ತಿಟ್ಟೆ. ತುದಿಯಲ್ಲಿ ಹಸಿರು ಕಣ್ಣು ಕಾಣಿಸುತ್ತಿತ್ತು. 20 ಲೀಟರಿನ ಹಳೆಯ ಪೇಂಟ್ ಡಬ್ಬಿಯ ತಳಕ್ಕೆ ಮೊಳೆಯಿಂದ ಮೂರು ತೂತು ಮಾಡಿದೆ. ನರ್ಸರಿಯ ಕೆಂಪು ಮಣ್ಣನ್ನು ಕಂಠದವರೆಗೆ ತುಂಬಿ ನೆಟ್ಟೆ. ಸುಮಾರು ಒಂದು ತಿಂಗಳು ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಸೂಜಿಯ ಹಾಗೆ ಸುರುಳಿ ಸುತ್ತಿದ ಮೊಳಕೆ! ಮಗ ದಿನಾ ಶಾಲೆಯ ಸ್ಕೇಲ್ ತಂದು ಅಳೆಯುತ್ತಿದ್ದ. ಜೂನ್ 20ಕ್ಕೆ 31 ಸೆಂ.ಮೀ. ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾನೆ.

ಜುಲೈ ಮಳೆ ಹಿಡಿದ ಮೇಲೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು. ಮೇಲಿನ ಮಣ್ಣು ಸ್ವಲ್ಪ ಒಣಗಿದ ಹಾಗೆ ಕಂಡಿತು, ನೀರು ಸಾಲದೇನೋ ಅಂದುಕೊಂಡು ಇನ್ನೊಂದು ಚೊಂಬು ಹಾಕಿದೆ. ನಿನ್ನೆ ವಾಲಿದ ಕಾಂಡವನ್ನು ನೆಟ್ಟಗೆ ಮಾಡೋಣ ಎಂದು ಹಿಡಿದರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೆ ಬಂತು. ಬುಡ ಕಂದುಬಣ್ಣಕ್ಕೆ ತಿರುಗಿ ನೀರಾಗಿತ್ತು, ಕೆಟ್ಟ ವಾಸನೆ. ಮಗನಿಗೆ ಇನ್ನೂ ಹೇಳಿಲ್ಲ.

ಅಂಗಡಿ ಶುಂಠಿಗೆ ಔಷಧಿ ಹಾಕಿರುತ್ತಾರೆ, ಅದು ಬೀಜಕ್ಕೆ ಬರುವುದಿಲ್ಲ ಅಂತಾರೆ ಪಕ್ಕದ ಮನೆಯವರು. ಆದರೆ ಊರಲ್ಲಿ ಅಮ್ಮ ಅಡಿಗೆಮನೆಯಲ್ಲಿ ಮೊಳಕೆ ಬಂದ ತುಂಡನ್ನೇ ಹಿತ್ತಲಲ್ಲಿ ಹೂತು ಬರುತ್ತಿದ್ದಳು. ಶಿರಸಿಯಲ್ಲಿ ಮಳೆ ಕಡಿಮೆಯೇನಲ್ಲ. ಅಲ್ಲಿ ಕೊಳೆಯದ್ದು ಇಲ್ಲಿ ಯಾಕೆ ಕೊಳೆಯಿತು? ನನಗೆ ಇದೇ ತಿಳಿಯಬೇಕು.

ಮುಲುಂಡ್ ಮಹಡಿ ತೋಟ:

ಅಕ್ಕಾ, ಓದಿ ಬೇಜಾರಾಯಿತು. ನನಗೂ ಮೊದಲ ಎರಡು ವರ್ಷ ಹೀಗೇ ಆಗಿತ್ತು.

ಇದು ಗೆಡ್ಡೆ ಕೊಳೆ ರೋಗ. ಎಲೆ ಕೆಳಗಿನಿಂದ ಹಳದಿಯಾಗುವುದು, ಎಳೆದರೆ ಕಾಂಡ ಸಲೀಸಾಗಿ ಬರುವುದು, ವಾಸನೆ, ಎಲ್ಲ ಅದರದೇ ಗುರುತು. ಪೈಥಿಯಂ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಮಣ್ಣಿನಲ್ಲಿ ನೀರು ನಿಂತರೆ ಅದರ ಕಣಗಳು ಆ ನೀರಲ್ಲೇ ಈಜಿಕೊಂಡು ಬೇರಿಗೆ ಹೋಗುತ್ತವೆ. ಅಮ್ಮನ ಹಿತ್ತಲಿಗೂ ನಿಮ್ಮ ಡಬ್ಬಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಇಳಿಜಾರಿನ ಹಿತ್ತಲಲ್ಲಿ ಎಷ್ಟೇ ಮಳೆ ಬಂದರೂ ನೀರು ಹರಿದು ಹೋಗುತ್ತದೆ. ಡಬ್ಬಿಯ ಮೂರು ತೂತು ಕೆಂಪು ಮಣ್ಣು ಮೆತ್ತಿಕೊಂಡು ಒಂದೇ ತಿಂಗಳಲ್ಲಿ ಮುಚ್ಚಿರುತ್ತವೆ. ಜೊತೆಗೆ ಶುಂಠಿಯ ಬೇರು ಆಳಕ್ಕೆ ಹೋಗುವುದಿಲ್ಲ. ಡಬ್ಬಿಯ ಅರ್ಧದಿಂದ ಕೆಳಗಿನ ಮಣ್ಣಿನ ನೀರನ್ನು ಕುಡಿಯುವವರೇ ಇಲ್ಲ, ಸುಮ್ನೆ ಒದ್ದೆಯಾಗಿ ಕೂತಿರುತ್ತದೆ.

ಅಂಗಡಿ ಶುಂಠಿ ಮೊಳೆಯುವುದಿಲ್ಲ ಎನ್ನುವುದನ್ನು ನಿಮ್ಮ ಮಗನ ಕ್ಯಾಲೆಂಡರೇ ಸುಳ್ಳು ಮಾಡಿದೆ. ಆದರೆ ಆರಿಸುವುದರಲ್ಲಿ ಎಚ್ಚರ ಬೇಕು, ಯಾಕೆಂದರೆ ರೋಗ ಗೆಡ್ಡೆಯ ಜೊತೆಗೇ ಬರಬಹುದು. ಬೆಳ್ಳಗೆ ತೊಳೆದು ಹೊಳೆಯುವಂಥದ್ದು ಬೇಡ, ಸುಕ್ಕಾದದ್ದೂ ಬೇಡ. ಮಣ್ಣು ಮೆತ್ತಿಕೊಂಡಿರುವ, ಒತ್ತಿದರೆ ಗಟ್ಟಿ ಇರುವ, ಉಬ್ಬಿದ ಕಣ್ಣಿನ ಗೆಡ್ಡೆ ಕೇಳಿ. 20-25 ಗ್ರಾಂ ತುಂಡು, ಒಂದೊಂದರಲ್ಲೂ ಒಂದೆರಡು ಕಣ್ಣು. ಕತ್ತರಿಸಿದ ತಕ್ಷಣ ನೆಡಬೇಡಿ! ಎರಡು ಮೂರು ದಿನ ನೆರಳಲ್ಲಿ ಬಿಡಿ, ಗಾಯ ಒಣಗಿ ಮೇಲೆ ಪೊರೆ ಕಟ್ಟಲಿ.

ನಾನು ಬೆಳೆಯುವುದು ಹಣ್ಣಿನ ಪ್ಲಾಸ್ಟಿಕ್ ಕ್ರೇಟಿನಲ್ಲಿ. ಒಳಗೆ ಗೋಣಿ ಹಾಸಿದರೆ ಮಣ್ಣು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಮಣ್ಣು, ಕಾಂಪೋಸ್ಟ್, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ. ಆಳ ಒಂದು ಗೇಣು ಸಾಕು, ಅಗಲ ಜಾಸ್ತಿ ಇರಲಿ, ಗೆಡ್ಡೆ ಅಡ್ಡಕ್ಕೆ ಹೋಗುತ್ತದೆ. ಕಣ್ಣು ಮೇಲೆ ಮಾಡಿ ಎರಡು ಬೆರಳು ಮಣ್ಣು ಮುಚ್ಚಿ. ಮೊಳಕೆ ಬರುವವರೆಗೆ ನೀರು ಚಿಮುಕಿಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ನೇರವಾಗಿ ಬೀಳದ ಕಡೆ ಇಡಿ.

ಕೊಥ್ರೂಡ್ ಅಲ್ಲ:

ನಮ್ಮ ಧಾರವಾಡ ಕಡೆ ಹಸಿಯದ್ದಕ್ಕೆ ‘ಅಲ್ಲ’ ಅಂತೀವಿ, ಒಣಗಿದ್ದಕ್ಕೆ ‘ಶುಂಠಿ’. ಇಲ್ಲಿ ಮರಾಠಿಯಲ್ಲೂ ಹಾಗೇ, ಆಲೆ ಬೇರೆ, ಸುಂಠ ಬೇರೆ. ಪುಣೆಗೆ ಬಂದ ಹೊಸದರಲ್ಲಿ ತರಕಾರಿ ಮಾರುವವರ ಬಾಯಲ್ಲಿ ಆಲೆ ಎಂದು ಕೇಳಿ ಊರು ನೆನಪಾಗಿತ್ತು.

ನೀರಿನ ಮಾತು ಪೂರ್ತಿ ನಿಜ. ಸಾತಾರಾ ಜಿಲ್ಲೆಯಲ್ಲಿ ಆಲೆ ದೊಡ್ಡ ಬೆಳೆ. ಅಲ್ಲಿ ರೈತರು ಗಾದಿ ವಾಫಾ ಅಂತ, ಹಾಸಿಗೆಯ ಹಾಗೆ ಎತ್ತರದ ಮಡಿ ಮಾಡಿ ಅದರ ಮೇಲೆ ನೆಡುತ್ತಾರೆ. ಎಕರೆಗಟ್ಟಲೆ ಬೆಳೆಯುವವರೇ ನೀರು ಇಳಿಯಲಿ ಅಂತ ಅಷ್ಟು ಮಣ್ಣು ಏರಿಸುತ್ತಾರಲ್ವಾ?

ನನ್ನ ಕಡೆಯಿಂದ ಎರಡು ಮಾತು. ಮೇ ತಿಂಗಳ ಮಧ್ಯಾಹ್ನದ ಬಿಸಿಲು ಇದಕ್ಕೆ ಆಗದು, ಪುಣೆಯಲ್ಲಿ ಎಲೆ ತುದಿ ಸುಟ್ಟೇ ಹೋಗುತ್ತದೆ. ಬೆಳಗಿನ ಬಿಸಿಲು ಸಾಕು. ಮತ್ತೆ, ಪೂರ್ತಿ ಬಲಿಯಲು ಎಂಟು ತಿಂಗಳಾದರೂ ಬೇಕು. ಅಷ್ಟು ದಿನ ಕಾಯಲಾಗದಿದ್ದರೆ ಆರನೇ ತಿಂಗಳಲ್ಲಿ ಕುಂಡದ ಅಂಚಿನಿಂದ ಬೆರಳು ಹಾಕಿ ಮಣ್ಣು ಸರಿಸಿ, ಒಂದು ತುಂಡು ಮುರಿದುಕೊಂಡು ಮತ್ತೆ ಮುಚ್ಚಿ. ಆಗ ಸಿಪ್ಪೆ ಉಗುರಿಗೇ ಬರುತ್ತದೆ, ನಾರು ಇರುವುದಿಲ್ಲ. ಅದರ ಉಪ್ಪಿನಕಾಯಿ ತಿಂದವರು ಮುಂದಿನ ವರ್ಷ ನೆಡದೆ ಇರುವುದಿಲ್ಲ.

ಮಡಗಾಂವ್ ಹಿತ್ತಲು:

ಇಲ್ಲಿಯೂ ಮಳೆ ವಿಪರೀತ. ನಾನು ಮಣ್ಣಿನ ಮೇಲೆ ಒಣಗಿದ ತೆಂಗಿನ ಗರಿ, ಎಲೆ ದಪ್ಪಗೆ ಮುಚ್ಚುತ್ತೇನೆ. ಹನಿ ಹೊಡೆದು ಮಣ್ಣು ಗಟ್ಟಿಯಾಗುವುದಿಲ್ಲ. ಒಂದು ವರ್ಷ ಸಂತೆಯಿಂದ ತಂದು ನೆಟ್ಟದ್ದು ಮಾವಿನಶುಂಠಿ ಎಂದು ಅಗೆದಾಗಲೇ ಗೊತ್ತಾಯಿತು. ನೆಡುವ ಮೊದಲು ಒಂದು ತುದಿ ಮುರಿದು ಮೂಸಿ ನೋಡಿ, ಎಳೆ ಮಾವಿನಕಾಯಿ ವಾಸನೆ ಬಂದರೆ ಅದೇ.

ಡೊಂಬಿವಲಿ ಬಾಲ್ಕನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಗನನ್ನು ಕೂರಿಸಿಕೊಂಡೇ ಡಬ್ಬಿ ಬೋರಲು ಹಾಕಿದೆ. ಮೇಲೆ ಮಣ್ಣು ಸರಿಯಾಗೇ ಇತ್ತು, ಕೆಳಗಿನ ಅರ್ಧ ಹಿಡಿದು ಹಿಂಡಿದರೆ ನೀರು ಇಳಿಯಿತು. ಮೂರು ತೂತೂ ಮುಚ್ಚಿದ್ದವು. ಮೂರು ತುಂಡು ಪೂರ್ತಿ ಕೊಳೆತಿವೆ. ನಾಲ್ಕನೆಯದರಲ್ಲಿ ಹೆಬ್ಬೆರಳಷ್ಟು ಹೊಸ ಗೆಡ್ಡೆ, ಗುಲಾಬಿ ಬಣ್ಣದ ತುದಿ, ಗಟ್ಟಿಯಾಗಿದೆ, ವಾಸನೆಯೂ ಚೆನ್ನಾಗಿದೆ. ಇದನ್ನೇ ಮತ್ತೆ ನೆಡಬಹುದಾ? ಮಗ ಬಿಡುತ್ತಿಲ್ಲ.

ಮುಲುಂಡ್ ಮಹಡಿ ತೋಟ:

ನೆಡಬೇಡಿ ಅಕ್ಕಾ. ನೋಡಲು ಚೆನ್ನಾಗಿದ್ದರೂ ರೋಗದ ಮಣ್ಣಿನಿಂದ ಬಂದದ್ದು, ಹೊಸ ಮಣ್ಣಿಗೂ ಅದನ್ನು ತರುತ್ತದೆ. ಆ ಮಣ್ಣನ್ನು ಶುಂಠಿಗೂ ಅರಿಶಿನಕ್ಕೂ ಇನ್ನು ಬಳಸಬೇಡಿ, ಡಬ್ಬಿಯನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ. ಗಟ್ಟಿ ಇರುವ ತುಂಡನ್ನು ತೊಳೆದು ತಿನ್ನಲು ಅಡ್ಡಿಯಿಲ್ಲ. ಮಗನ ಕೈಯಲ್ಲೇ ಜಜ್ಜಿಸಿ ಚಹಾಕ್ಕೆ ಹಾಕಿ. ಎಪ್ರಿಲ್‌ನಲ್ಲಿ ನೆನಪಿಸಿ, ನನ್ನ ಕ್ರೇಟಿನ ಬೀಜದ ಗೆಡ್ಡೆ ಕೊಡುತ್ತೇನೆ. ಡೊಂಬಿವಲಿ ದೂರವೇನಲ್ಲ.