ಹಳ್ಳಿ ಡೈರಿ ಸಭೆಯಲ್ಲಿ ನಗಿಸುವ ಮಾತು: ಹೇಗೆ ಆಡಬೇಕು?

ಪ್ರಶ್ನೆ: ಪಶುವೈದ್ಯ, ತುಮಕೂರು ಕಡೆ

ನಾನು ಪಶುವೈದ್ಯ. ತಿಂಗಳಿಗೆ ಎರಡು ಮೂರು ಸಲ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಮಾತಾಡಬೇಕಾಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ, ಕರುಗಳಿಗೆ ಜಂತುಹುಳದ ಔಷಧಿ, ಇಂಥ ವಿಷಯಗಳು. ಸಂಜೆ ಹಾಲು ಅಳೆಯುವ ಮುಂಚೆ ಅರ್ಧ ಗಂಟೆ ಸಿಗುತ್ತದೆ. ಜನ ಬೆಳಿಗ್ಗೆಯಿಂದ ದುಡಿದು ಬಂದಿರುತ್ತಾರೆ. ಹತ್ತೇ ನಿಮಿಷಕ್ಕೆ ತೂಕಡಿಕೆ ಶುರುವಾಗುತ್ತದೆ.

ಅದಕ್ಕೇ ಹೋದ ತಿಂಗಳು ಒಂದು ಜೋಕ್ ಹೇಳಿ ಶುರು ಮಾಡಿದೆ. ವಾಟ್ಸಾಪ್‌ನಲ್ಲಿ ಬಂದಿದ್ದು, ಗಂಡ ಹೆಂಡತಿ ಜಗಳದ್ದು. ಮುಂದೆ ಕುರ್ಚಿಯಲ್ಲಿದ್ದ ನಾಲ್ಕೈದು ಗಂಡಸರು ನಕ್ಕರು. ಜಮಖಾನೆ ಮೇಲೆ ಕೂತಿದ್ದ ಹೆಂಗಸರು ಇಪ್ಪತ್ತಕ್ಕೂ ಜಾಸ್ತಿ ಇದ್ದರು. ಒಬ್ಬರೂ ನಗಲಿಲ್ಲ. ಆಮೇಲೆ ಯಾರೂ ಒಂದು ಪ್ರಶ್ನೆ ಸಹ ಕೇಳಲಿಲ್ಲ. ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, "ಐದು ಗಂಟೆಗೆ ಎದ್ದು ಹಾಲು ಕರೆಯೋರು ನಾವು. ನಮಗೆ ಹೇಳೋಕೆ ಬಂದು ನಮ್ಮನ್ನೇ ಆಡ್ಕೊಂಡ್ರಲ್ಲ ಸ್ವಾಮಿ" ಅಂದರು. ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ ನನಗೆ.

ನಮ್ಮ ಹಿರಿಯ ಅಧಿಕಾರಿಯೊಬ್ಬರು, "ಡಾಕ್ಟರ್ ಆದವರು ಜೋಕ್ ಹೇಳಬಾರದು, ಬೆಲೆ ಹೋಗುತ್ತದೆ" ಅನ್ನುತ್ತಾರೆ. ಇನ್ನು ಹದಿನೈದು ದಿನಕ್ಕೆ ಅದೇ ಊರಲ್ಲಿ ಕೆಚ್ಚಲು ಬಾವಿನ ಬಗ್ಗೆ ಮಾತಾಡಬೇಕು. ಹಾಸ್ಯ ಬಿಟ್ಟೇಬಿಡಲಾ? ಅಥವಾ ಸರಿಯಾಗಿ ಮಾಡುವ ದಾರಿ ಇದೆಯಾ?

ಉತ್ತರ 1: ನಿವೃತ್ತ ಕನ್ನಡ ಮೇಷ್ಟ್ರು, ಕುಂದಾಪುರ

ಡಾಕ್ಟ್ರೇ, ಬಿಡಬೇಡಿ. ಮೊದಲು ನಿಮ್ಮ ಅಧಿಕಾರಿಯ ಮಾತಿಗೆ ಬರುತ್ತೇನೆ. 1942ರಲ್ಲಿ ಬೆಂಗಳೂರಿನಲ್ಲಿ ಕೊರವಂಜಿ ಎಂಬ ಹಾಸ್ಯ ಪತ್ರಿಕೆ ಶುರು ಮಾಡಿದ ರಾಶಿಯವರು ಯಾರು? ಡಾಕ್ಟರ್ ಎಂ. ಶಿವರಾಂ, ವೈದ್ಯರು. ಕಾಲು ಶತಮಾನ ಆ ಪತ್ರಿಕೆ ನಡೆಸಿದರು. ಬೆಲೆ ಎಲ್ಲಿ ಹೋಯಿತು?

ನಾನು ಹಾಸ್ಯ ಕಲಿತದ್ದು ಯಕ್ಷಗಾನದ ಆಟ ನೋಡಿ. ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದೆ. ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್‌ನಲ್ಲಿ ವ್ಯಾಕರಣ ಹೇಳಬೇಕಾದಾಗೆಲ್ಲ ನೆನಪಾಗುತ್ತಿದ್ದುದು ಹಾಸ್ಯಗಾರನೇ. ಗಮನಿಸಿ, ರಂಗದ ಮೇಲೆ ರಾಜ ದೊಡ್ಡ ದೊಡ್ಡ ಮಾತಲ್ಲಿ ಅರ್ಥ ಹೇಳುತ್ತಿರುತ್ತಾನೆ. ಹಾಸ್ಯಗಾರ ದೂತನಾಗಿಯೋ ಸಾರಥಿಯಾಗಿಯೋ ಬಂದು ಮನೆಮಾತಿನಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ. ಅದು ಎದುರಿಗೆ ಕೂತವರ ತಲೆಯಲ್ಲಿ ಇದ್ದ ಪ್ರಶ್ನೆಯೇ. ಜನ ನಗುತ್ತಾರೆ, ಆ ನಗುವಿನ ಜೊತೆಗೆ ಕಥೆಯೂ ತಿಳಿಯುತ್ತದೆ. ಅವನ ಹಾಸ್ಯ ಪ್ರಸಂಗದ ಒಳಗಿನಿಂದ ಹುಟ್ಟಿದ್ದು. ನಿಮ್ಮ ಗಂಡ ಹೆಂಡತಿ ಜೋಕ್‌ಗೂ ಹಸುವಿಗೂ ಏನು ಸಂಬಂಧ ಇತ್ತು ಹೇಳಿ?

ಕೆಚ್ಚಲು ಬಾವನ್ನೇ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಎರಡು ಹಸು ಇವೆ, ಅದಕ್ಕೆ ಸ್ವಲ್ಪ ಗೊತ್ತು. ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ಮೊಲೆತೊಟ್ಟಿನ ತೂತು ತೆರೆದೇ ಇರುತ್ತದೆ. ಅಷ್ಟರಲ್ಲಿ ಹಸು ಸಗಣಿ ಮೇಲೆ ಮಲಗಿದರೆ ರೋಗಾಣು ಒಳಗೆ ಹೋಗುತ್ತದೆ. ನೀವು ಹೀಗೆ ಹೇಳಿ ನೋಡಿ: "ಹಾಲು ಕರೆದಾಯ್ತು, ಬಾಗಿಲು ತೆಗೆದೇ ಇದೆ. ಮನೆಯವರು ಮಲಗಿದ್ದಾರೆ. ಕಳ್ಳ ಅಂಗಳದಲ್ಲೇ ಇದ್ದಾನೆ. ಕಳ್ಳ ಯಾರು? ಸಗಣಿ. ಈಗ ಮನೆಯವರನ್ನು ಎಬ್ಬಿಸಿ ನಿಲ್ಲಿಸೋದು ಹೇಗೆ? ಊಟಕ್ಕೆ ಕರೀರಿ!" ಅಂದರೆ ಕರೆದ ಕೂಡಲೇ ಹುಲ್ಲು ಹಾಕಿ ಅಂತ. ತಿನ್ನುವ ಹಸು ಮಲಗುವುದಿಲ್ಲವಲ್ಲ. ಜನ ನಕ್ಕರೆ ಸಂತೋಷ. ನಗದಿದ್ದರೂ ಹುಲ್ಲು ಹಾಕಬೇಕು ಎಂಬುದು ತಲೆಗೆ ಹೋಯಿತಲ್ಲ. ನಾನು ಪಾಠಕ್ಕೆ ಒಂದು ತಮಾಷೆ ಸೇರಿಸುವ ಮುಂಚೆ ಇದೊಂದನ್ನು ನೋಡುತ್ತಿದ್ದೆ: ಯಾರೂ ನಗದೆ ಹೋದರೂ ಈ ಮಾತು ಕೆಲಸಕ್ಕೆ ಬರುತ್ತದಾ?

"ಈಗ ಒಂದು ಜೋಕ್ ಹೇಳ್ತೀನಿ" ಅಂತ ಮಾತ್ರ ಹೇಳಬೇಡಿ. ಹಾಗಂದ ಕೂಡಲೇ ಜನ ಪರೀಕ್ಷೆ ಮಾಡೋಕೆ ಕೂರುತ್ತಾರೆ. ನೀವೇ ಮೊದಲು ನಗಬೇಡಿ. ಹೇಳಿ ಮುಗಿಸಿ ಒಂದು ಉಸಿರು ಸುಮ್ಮನಿರಿ. ಹೊಸಬರು ಎಡವುವುದು ಇಲ್ಲೇ. ನಗು ಏಳುವ ಹೊತ್ತಿಗೆ ಮುಂದಿನ ವಾಕ್ಯ ಶುರು ಮಾಡಿಬಿಡುತ್ತಾರೆ. ಜನ ನಗುವುದನ್ನು ನಿಲ್ಲಿಸಿ ಕೇಳಬೇಕಾಗುತ್ತದೆ.

ಮತ್ತೆ, ಆ ಅಜ್ಜಿಯನ್ನು ಹುಡುಕಿ, ತಪ್ಪಾಯಿತು ಅಂತ ಹೇಳಿ. ಸಭೆಗೆ ಮುಂಚೆಯೇ ಹೇಳಿ.

ಉತ್ತರ 2: ಹಳ್ಳಿ ಡೈರಿಯ ಕಾರ್ಯದರ್ಶಿ, ಹಾಸನ ಜಿಲ್ಲೆ

ಸರ್, ನಾನು ಮಹಿಳಾ ಸಂಘದ ಕಾರ್ಯದರ್ಶಿ. ದಿನಾ ಎರಡು ಹೊತ್ತು ಈ ಜನರ ಮುಖ ನೋಡುತ್ತೇನೆ. ಮೇಷ್ಟ್ರು ಹೇಳಿದ್ದು ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಹಾಲಿಗೆ ನೀರು ಸೇರಿಸುವ ತಮಾಷೆ ಬೇಡವೇ ಬೇಡ. ಮಾತಾಡೋಕೆ ಬಂದವರಲ್ಲಿ ಹಲವರು ಮಾಡುವುದು ಈ ತಮಾಷೆಯನ್ನೇ. ನಿಮಗೆ ಅದು ಮಾತು. ಆದರೆ ಡಿಗ್ರಿ (ಮಾಪಕದಲ್ಲಿ ಹಾಲಿನ ಗಟ್ಟಿತನ) ಬರಲಿಲ್ಲ ಅಂತ ಹಾಲು ವಾಪಸ್ ಹೋದ ಹೆಂಗಸು ಅಲ್ಲೇ ಕೂತಿರುತ್ತಾಳೆ. ಎಲ್ಲರೂ ಅವಳ ಕಡೆ ತಿರುಗುತ್ತಾರೆ. ಎಷ್ಟೋ ಸಲ ಅವಳು ನೀರು ಹಾಕಿರುವುದೇ ಇಲ್ಲ, ಮೇವು ಸಾಲದೆಯೂ ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಇಳಿಯುತ್ತದೆ. ಹಾಗೇ ಆ ವಾರ ಯಾರ ಮನೆ ಹಸುವಾದರೂ ಸತ್ತಿದೆಯಾ ಅಂತ ಕಾರ್ಯದರ್ಶಿಯನ್ನು ಮೊದಲೇ ಕೇಳಿ.

ಇನ್ನೊಂದು, ನಗಿಸುವ ಕೆಲಸ ಪೂರ್ತಿ ನೀವೇ ಹೊರಬೇಕಾಗಿಲ್ಲ. "ನಿಮ್ಮ ಹಸುವಿನ ಹೆಸರೇನು, ಯಾರಿಗೆ ಒದೆಯುತ್ತೆ?" ಅಂತ ಕೇಳಿ ಸುಮ್ಮನಿರಿ ಸಾಕು.

ಪ್ರಶ್ನೆ ಕೇಳಿದವರು, ಹದಿನೆಂಟು ದಿನದ ನಂತರ

ಮೊನ್ನೆ ಸಭೆ ಆಯಿತು. ಅಜ್ಜಿಯ ಮನೆಗೆ ಹಿಂದಿನ ದಿನವೇ ಹೋಗಿದ್ದೆ. "ಆಯ್ತು ಬಿಡಪ್ಪ" ಅಂದು ಮಜ್ಜಿಗೆ ಕೊಟ್ಟರು.

ಕಾರ್ಯದರ್ಶಿ ಮೇಡಂ ಹೇಳಿದ ಪ್ರಶ್ನೆಯಿಂದಲೇ ಶುರು ಮಾಡಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹಿಂದಿನಿಂದ ಒಬ್ಬರು, "ನಮ್ ಗೌರಿ ನಮ್ಮ ಅಳಿಯಂಗೆ ಮಾತ್ರ ಒದೀತಾಳೆ, ನಮಗೆ ಹೇಳೋಕಾಗದ್ದನ್ನ ಅವಳು ಮಾಡ್ತಾಳೆ" ಅಂದರು. ಇಡೀ ಸಭೆ ನಕ್ಕಿತು. ನಗು ಇಳಿಯುವ ತನಕ ಕಾದೆ. ಆಮೇಲೆ ಕೇಳಿದೆ, ಅಳಿಯ ಕೂತರೆ ಗೌರಿ ಹಾಲು ಪೂರ್ತಿ ಬಿಡ್ತಾಳಾ ಅಂತ. ಇಲ್ಲ ಅಂದರು. ಹೊಸ ಕೈಗೆ ಹಸು ಬೆದರುತ್ತದೆ, ಹಾಲು ಇಳಿಸುವುದಿಲ್ಲ, ಉಳಿದ ಹಾಲಿನಿಂದ ಬಾವು ಬರುವ ಅಪಾಯ ಜಾಸ್ತಿ ಅಂತ ವಿವರಿಸುವುದು ಎಷ್ಟು ಸುಲಭವಾಯಿತು! ಕಳ್ಳನ ಮಾತಿಗೂ ನಕ್ಕರು. ಮುಗಿದ ಮೇಲೆ ಒಂಬತ್ತು ಜನ ಹಾಲು ಪರೀಕ್ಷೆ ಮಾಡಿಸಿಕೊಂಡು ಹೋದರು. ಅದರಲ್ಲಿ ಎರಡು ಹಸುಗಳಿಗೆ ಹೊರಗೆ ಕಾಣದ ಬಾವು ಇತ್ತು.

ಮುಂದಿನ ವಿಷಯ, ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟರ್ ಹೇಳಿದಷ್ಟು ದಿನ ಡೈರಿಗೆ ಹಾಕಬಾರದು ಅನ್ನುವುದು. ಆ ಹಾಲು ಚೆಲ್ಲಬೇಕು, ದುಡ್ಡು ಹೋಗುತ್ತದೆ. ಅಲ್ಲೂ ಏನಾದರೂ ನಗಿಸುವ ಮಾತು ಸೇರಿಸಬಹುದಾ ಮೇಷ್ಟ್ರೇ?

ಉತ್ತರ 1ರ ಮೇಷ್ಟ್ರು

ಅಲ್ಲಿ ಬೇಡ ಡಾಕ್ಟ್ರೇ. ಅಭಿಮನ್ಯು ಬಿದ್ದ ಮೇಲೆ ಹಾಸ್ಯಗಾರ ರಂಗಕ್ಕೆ ಬರುವುದಿಲ್ಲ. ಎಷ್ಟು ಲೀಟರ್, ಎಷ್ಟು ರೂಪಾಯಿ ನಷ್ಟ ಅಂತ ಅವರ ಜೊತೆ ಕೂತು ಲೆಕ್ಕ ಹಾಕಿ. ಗೌರಿ ಸಮಾಚಾರ ತಿಳಿಸುತ್ತಿರಿ.