ಆರು ವರ್ಷ ಕೋಡ್ ಬರೆದ ಮೇಲೆ ಎಂಬಿಎ: ಯಾವ ಕಾಲೇಜು?

ಪ್ರಶ್ನೆ: ನಮಸ್ಕಾರ ಮೇಡಂ. ಮಾನ್ಯತಾ ಟೆಕ್ ಪಾರ್ಕಿನ ಒಂದು ಸರ್ವಿಸ್ ಕಂಪನಿಯಲ್ಲಿ ಆರು ವರ್ಷದಿಂದ ಜಾವಾ ಡೆವಲಪರ್ ಆಗಿದ್ದೇನೆ. ಊರು ತಿಪಟೂರು, ಮನೆಗೆ ನನ್ನ ಸಂಬಳವೇ ಆಧಾರ. ಪ್ರಾಡಕ್ಟ್ ಮ್ಯಾನೇಜರ್ (ಸಾಫ್ಟ್‌ವೇರಿನಲ್ಲಿ ಏನಿರಬೇಕು, ಯಾರಿಗೆ, ಯಾಕೆ ಎಂದು ತೀರ್ಮಾನಿಸುವವರು) ಆಗಬೇಕೆಂಬ ಆಸೆ. ಐಐಎಂ ಬೆಂಗಳೂರಿನ ಎರಡು ವರ್ಷದ ಪಿಜಿಪಿಗೆ (ಅಲ್ಲಿನ ಎಂಬಿಎ ಕೋರ್ಸಿಗೆ) ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಲಾ, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ ನೋಡಲಾ, ಇಲ್ಲೇ ಹತ್ತಿರದ ಕಾಲೇಜು ಸೇರಲಾ? ರ‍್ಯಾಂಕಿಂಗ್ ನೋಡಿ ನೋಡಿ ತಲೆ ಕೆಟ್ಟುಹೋಗಿದೆ.

ಉತ್ತರ: ರ‍್ಯಾಂಕಿಂಗ್ ಸ್ವಲ್ಪ ದಿನ ಪಕ್ಕಕ್ಕಿಡಿ. ನಿಮ್ಮಷ್ಟೇ ಅನುಭವ ಇರುವವರನ್ನು ಆ ಕ್ಯಾಂಪಸ್ಸಿನಿಂದ ಯಾವ ಕಂಪನಿ, ಯಾವ ಹುದ್ದೆಗೆ ತೆಗೆದುಕೊಳ್ಳುತ್ತಿದೆ? ಮೊದಲು ಅದನ್ನು ಪತ್ತೆ ಮಾಡಿ.

ಎರಡು ವರ್ಷದ ಪಿಜಿಪಿಯಲ್ಲಿ ಹೆಚ್ಚಿನವರು ಈಗಷ್ಟೇ ಡಿಗ್ರಿ ಮುಗಿಸಿದವರು, ಇಲ್ಲವೇ ಎರಡು ಮೂರು ವರ್ಷ ಕೆಲಸ ಮಾಡಿದವರು. ಬರುವ ಕಂಪನಿಗಳೂ ಆ ಮಟ್ಟದ ಹುದ್ದೆಗಳನ್ನೇ ಇಟ್ಟುಕೊಂಡು ಬರುತ್ತವೆ. ನಿಮ್ಮ ಆರು ವರ್ಷಕ್ಕೆ ಅಲ್ಲಿ ಸಿಗಬೇಕಾದ ಬೆಲೆ ಸಿಗುವುದು ಕಷ್ಟ. ನಿಮ್ಮಂಥವರಿಗೆಂದೇ ಒಂದು ವರ್ಷದ ಕೋರ್ಸುಗಳಿವೆ: ಬನ್ನೇರುಘಟ್ಟ ರಸ್ತೆಯ ಐಐಎಂಬಿಯಲ್ಲೇ ಇಪಿಜಿಪಿ, ಅಹಮದಾಬಾದಿನಲ್ಲಿ ಪಿಜಿಪಿಎಕ್ಸ್, ಐಎಸ್‌ಬಿಯ ಪಿಜಿಪಿ. ಇವಕ್ಕೆ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಕ್ಯಾಟ್ ಅಂಕಕ್ಕೆ ಒಂದೇ ವರ್ಷ ಆಯಸ್ಸು.

ಮನೆ ನಿಮ್ಮ ಸಂಬಳದ ಮೇಲೆ ನಿಂತಿದೆ ಅಂದಿರಿ. ಹಾಗಿದ್ದರೆ ಐಐಎಂಬಿಯ ಪಿಜಿಪಿಇಎಂ ಬಗ್ಗೆ ಗಂಭೀರವಾಗಿ ಯೋಚಿಸಿ. ಕೆಲಸ ಬಿಡದೆ ಎರಡು ವರ್ಷ ಓದುವ ಕೋರ್ಸು. ಹಿಂದೆ ಇದು ಪಿಜಿಎಸ್‌ಇಎಂ ಎಂಬ ಹೆಸರಿನಲ್ಲಿ ಸಾಫ್ಟ್‌ವೇರ್ ಉದ್ಯಮದವರಿಗೆಂದೇ ಶುರುವಾಗಿದ್ದು. ಪಿಜಿಪಿ ಥರದ ಕ್ಯಾಂಪಸ್ ಪ್ಲೇಸ್‌ಮೆಂಟ್ ಇದರಲ್ಲಿ ನಿರೀಕ್ಷಿಸಬೇಡಿ. ಕಲಿತದ್ದನ್ನು ನಿಮ್ಮ ಕಂಪನಿಯಲ್ಲೇ ತೋರಿಸಿ ಪಾತ್ರ ಬದಲಿಸಿಕೊಳ್ಳಬೇಕು. ನಾನು ಕಂಡಂತೆ ಡೆವಲಪರ್‌ನಿಂದ ಪ್ರಾಡಕ್ಟ್‌ಗೆ ಹೋದವರಲ್ಲಿ ಬಹಳಷ್ಟು ಮಂದಿ ಹೀಗೆ ಒಳಗಿನಿಂದಲೇ ಹೋದವರು.

ಪ್ಲೇಸ್‌ಮೆಂಟ್ ವರದಿಯಲ್ಲಿ ಸರಾಸರಿ ಸಂಬಳ ನಂಬಬೇಡಿ. ಐದು ಜನರಿಗೆ 12, 12, 14, 16, 96 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 30 ಲಕ್ಷ, ಆದರೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಇರುವವನಿಗೆ 14. ಆ ನಡುವಿನ ಅಂಕಿಯನ್ನೇ ಮೀಡಿಯನ್ ಅನ್ನುವುದು, ಅದನ್ನೇ ಕೇಳಿ. ಒಂದೇ ಸಲ ಕೊಡುವ ಜಾಯ್ನಿಂಗ್ ಬೋನಸ್ ಸೇರಿದೆಯಾ, ಎಷ್ಟು ಜನರಿಗೆ ಕೆಲಸವೇ ಸಿಗಲಿಲ್ಲ, ಇವೂ ಗೊತ್ತಾಗಬೇಕು. ‘ಟೆಕ್ನಾಲಜಿ ವಲಯ’ ಎಂಬ ತಲೆಬರಹದಡಿ ಸಾಫ್ಟ್‌ವೇರ್ ಮಾರುವ ಸೇಲ್ಸ್ ಕೆಲಸವೂ ಸೇರಿರುತ್ತದೆ, ಪ್ರಾಡಕ್ಟ್ ಕೆಲಸವೂ ಸೇರಿರುತ್ತದೆ. ಅದನ್ನು ಬಿಡಿಸಿ ಹೇಳುವವರು ಅಲ್ಲಿ ಓದಿ ಬಂದವರು ಮಾತ್ರ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹಿನ್ನೆಲೆಯ ನಾಲ್ಕೈದು ಮಂದಿಯನ್ನು ಹುಡುಕಿ ಸಂಕೋಚ ಬಿಟ್ಟು ಕೇಳಿ. ಕೇಳಿದರೆ ಹೇಳುತ್ತಾರೆ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಉಪಕಾರವಾಯಿತು ಮೇಡಂ. ಸಾಲ ಮಾಡಿ ಒಂದು ವರ್ಷದ ಕೋರ್ಸಿಗೆ ಹೋದರೆ? ಪ್ರಾಡಕ್ಟ್ ಹುದ್ದೆಗೆ ಬಂದವರ ಸಂದರ್ಶನದಲ್ಲಿ ನೀವು ಏನು ನೋಡುತ್ತೀರಿ?

ಉತ್ತರ: 30 ಲಕ್ಷ ಸಾಲಕ್ಕೆ ಶೇ. 10 ಬಡ್ಡಿ, ಹತ್ತು ವರ್ಷದ ಅವಧಿ ಅಂದರೆ ಕಂತು ತಿಂಗಳಿಗೆ ಹತ್ತಿರ ಹತ್ತಿರ 40 ಸಾವಿರ. ಓದುವ ವರ್ಷ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ. ಮೀಡಿಯನ್ ಸಂಬಳ ಕೈಗೆ ಎಷ್ಟು ಬರುತ್ತದೋ ಅದರಲ್ಲಿ ಈ ಕಂತು ಮತ್ತು ಮನೆಗೆ ಕಳಿಸುವ ದುಡ್ಡು ಕಳೆದು, ಉಳಿದದ್ದರಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಲು ಆಗುತ್ತಾ ನೋಡಿ. ಆಗದಿದ್ದರೆ ಆ ಕಾಲೇಜು ಎಷ್ಟೇ ಹೆಸರುವಾಸಿಯಾಗಿರಲಿ, ಬೇಡ.

ಸಂದರ್ಶನದಲ್ಲಿ ನಾನು ಕಾಲೇಜಿನ ಹೆಸರಿನ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಮೆಟ್ರೋ ಟಿಕೆಟ್ ವಾಟ್ಸಾಪ್‌ನಲ್ಲೇ ಸಿಗುತ್ತದೆ, ಆದರೂ ಮೆಜೆಸ್ಟಿಕ್‌ನಲ್ಲಿ ಕೌಂಟರ್ ಮುಂದೆ ಜನ ಯಾಕೆ ನಿಲ್ಲುತ್ತಾರೆ? ಇಂಥದ್ದೊಂದು ಕೇಳುತ್ತೇನೆ. ತಕ್ಷಣ ಹೊಸ ಫೀಚರ್ ಹೇಳುವವರು ಬಹಳ. ನಿಂತಿರುವವರು ಯಾರು, ಅವರ ಕೈಯಲ್ಲಿ ಯಾವ ಫೋನಿದೆ, ಡೇಟಾ ಇದೆಯಾ, ಚಿಲ್ಲರೆ ಕೊಟ್ಟು ಟೋಕನ್ ತೆಗೆದುಕೊಳ್ಳುವುದೇ ಸಲೀಸಾ ಎಂದು ತಿರುಗಿ ನನ್ನನ್ನೇ ಕೇಳುವವರು ಕಡಿಮೆ. ಅಂಥವರು ಸಿಕ್ಕರೆ ನನಗೆ ಖುಷಿ. ಇದನ್ನು ನೀವು ಈಗಿನ ಕೆಲಸದಲ್ಲೇ ಶುರು ಮಾಡಬಹುದು. ಆಫೀಸಿನಲ್ಲಿ ಮುಂದಿನ ಟಿಕೆಟ್, ಅಂದರೆ ಮಾಡಿಕೊಡಬೇಕಾದ ಕೆಲಸದ ಕೋರಿಕೆ, ಕೈಗೆ ಬಂದಾಗ, ಇದನ್ನು ಯಾರು ಕೇಳಿದರು, ಯಾಕೆ ಕೇಳಿದರು ಎಂದು ವಿಚಾರಿಸಿ ಆಮೇಲೆ ಕೋಡ್ ಬರೆಯಿರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನನ್ನ ತಮ್ಮ ಬಿಸಿಎ ಕೊನೆ ವರ್ಷ. ಪಿಜಿಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಎಂಬಿಎ ಸೇರಲಿ ಅಂತ ಅಪ್ಪ ಹೇಳುತ್ತಿದ್ದಾರೆ.

ಉತ್ತರ: ಟೆಕ್‌ನಲ್ಲೇ ಇರುವ ಆಸೆ ಇದ್ದರೆ ಮೊದಲು ಎರಡು ವರ್ಷ ಕೆಲಸ ಮಾಡಲಿ ಅಮ್ಮಾ. ಸಪೋರ್ಟ್, ಟೆಸ್ಟಿಂಗ್, ಏನಾದರೂ ಸರಿ. ಈಗಲೇ ಸೇರುವುದಾದರೆ ಕಾಲೇಜಿಗೆ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇದೆಯಾ ನೋಡಿ, ಅಪ್ಪನನ್ನೂ ಕರೆದುಕೊಂಡು ಒಂದು ದಿನ ಕಾಲೇಜಿಗೆ ಹೋಗಿ ಬನ್ನಿ. ‘ಬಿಸಿನೆಸ್ ಅನಲಿಟಿಕ್ಸ್’ ಎಂದು ಬೋರ್ಡ್ ಹಾಕಿದ ಕಡೆ ಎಸ್‌ಕ್ಯುಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಯಾರು ಕಲಿಸುತ್ತಾರೆ, ಲ್ಯಾಬ್ ವಾರಕ್ಕೆ ಎಷ್ಟು ಗಂಟೆ ಎಂದು ಎರಡನೇ ವರ್ಷದ ಹುಡುಗರನ್ನು ಕೇಳಿ. ಆಫೀಸಿನವರು ಹೇಳುವುದಕ್ಕಿಂತ ಅವರು ಹೇಳುವುದು ಮುಖ್ಯ.